ಕುಸ್ತಿ ನೋಡಲು ತಂದ ಪ್ರೊಜೆಕ್ಷನ್ ಟಿವಿ

ನನಗೊಂದು ಚಟವಿದೆ: ಕುಸ್ತಿ ನೋಡುವುದು. ಕಾನ್ವೆಂಟಿನಲ್ಲಿ ಮೊಣಕಾಲು ಜೋಡಿಸಿ ಕೂರಲು ಕಲಿಸಿದ ಸಿಸ್ಟರುಗಳಿಗೆ ಗೊತ್ತಾದರೆ "ಮೈ ಡಿಯರ್ ಚೈಲ್ಡ್!" ಎಂದು ಎದೆಯ ಮೇಲೆ ಕೈಯಿಟ್ಟುಕೊಂಡಾರು. ಚಟ ಹತ್ತಿಸಿದವರು ನನ್ನ ಅತ್ತೆ. ಲೋಕಲ್ ಕೇಬಲ್ಲಿನವರು ಸುತ್ತಲಿನ ಊರುಗಳ ಕುಸ್ತಿ ತೋರಿಸುವ ಸಂಜೆ, ಕಲ್ಲೋಳಿಯ ನಮ್ಮ ಮನೆಯಲ್ಲಿ ಪೂಜೆಯೂ ಗಡಿಬಿಡಿಯಲ್ಲೇ ಮುಗಿಯುತ್ತಿತ್ತು.

ಅಂಥ ಅತ್ತೆಯ ಕಣ್ಣು ಮಂಜಾಗತೊಡಗಿತು. ನರವೇ ಸೊರಗಿದೆ, ಇನ್ನು ಸ್ವಲ್ಪ ಕಾಲ ದೊಡ್ಡದು, ಬೆಳಕಿರುವುದು ಮಾತ್ರ ಕಂಡೀತು ಎಂದರು ಡಾಕ್ಟರು. ಇಪ್ಪತ್ತು ವರ್ಷದ ಹಿಂದಿನ ಮಾತು ಇದು. "ಹಂಗಾರ ದೊಡ್ಡದ ತರೂಣು," ಎಂದು ನಮ್ಮವರು ಗೋಕಾಕಕ್ಕೆ ಹೋಗಿ, ಕಪಾಟಿನಷ್ಟು ಎತ್ತರದ ಪ್ರೊಜೆಕ್ಷನ್ ಟಿವಿಯನ್ನು ಟೆಂಪೋದಲ್ಲಿ ಹೇರಿಕೊಂಡು ಬಂದರು. ಅದನ್ನು ಒಳತರಲು ತಲಬಾಗಿಲ ಕದ ಕಳಚಬೇಕಾಯಿತು. ಮಗಳ ಮದುವೆಗೂ ಕಳಚಿರಲಿಲ್ಲ.

ಅದರ ಹೊಟ್ಟೆಯೊಳಗೆ ಕೆಂಪು, ಹಸಿರು, ನೀಲಿ ಮೂರು ದೀಪಗಳು. ಮೂರರ ಬೆಳಕೂ ಹಿಂದಿನಿಂದ ಪರದೆಗೆ ಬಿದ್ದು ಒಂದರ ಮೇಲೊಂದು ಕೂತರೆ ಚಿತ್ರ, ಕೂರದಿದ್ದರೆ ಭೂತಚೇಷ್ಟೆ. ರಿಮೋಟ್ ಒತ್ತಿ ಒತ್ತಿ ಮೂರು ಬಣ್ಣದ ಗೀಟುಗಳನ್ನು ಒಂದೇ ಬಿಳಿ ಗೀಟು ಮಾಡಬೇಕು. ಇದಕ್ಕೆ ಕನ್ವರ್ಜೆನ್ಸ್ ಎನ್ನುತ್ತಾರೆ ಎಂದು ಮ್ಯಾನುಯಲ್ ಓದಿ ಹೇಳಿದವಳು ನಾನು. ಉಚ್ಚಾರ ಫಸ್ಟ್ ಕ್ಲಾಸ್, ಉಪಯೋಗ ಸೊನ್ನೆ. ಸೋಫಾದಲ್ಲಿ ಕೂತ ನಮ್ಮವರು ಕೆಂಪನ್ನು ರಮಿಸಿದರೆ ನೀಲಿ ಮುನಿಯುತ್ತಿತ್ತು.

"ಅಖಾಡದಾಗ ಎಷ್ಟ ಮಂದಿ ಅದಾರೋ?" ಎಂದರು ಅತ್ತೆ.

"ಇಬ್ಬರ ಅದಾರ ಯವ್ವಾ."

"ಮತ್ತ ಎಂಟ ಕಾಲ ಯಾಕ ಕಾಣತಾವು?"

ಅಂತೂ ಗೀಟುಗಳು ರಾಜಿಯಾದವು. ಆದರೂ ಅತ್ತೆಗೆ ಕತ್ತಲೆ. ನಮ್ಮವರು ಬ್ರೈಟ್‌ನೆಸ್ ಏರಿಸಿ ಏರಿಸಿ, ಅವರ ಕಣ್ಣಿಗೆ ಪೈಲ್ವಾನರು ಸುಣ್ಣ ಬಳಿದ ಗೋಡೆಗಳಾದರು. "ಇನ್ನೂ ಕತ್ತಲಿ ಐತ್ಯೋ," ಎಂದರು ಅತ್ತೆ. ಅವ್ವನ ಕಣ್ಣು ಇಷ್ಟು ಬೇಗ ಹೋಯಿತೇ ಎಂದು ನಮ್ಮವರ ಮುಖ ಸಣ್ಣದಾಯಿತು. ನನಗೂ ಕತ್ತಲೆಯೇ ಕಾಣುತ್ತಿತ್ತು. ವಯಸ್ಸು ಐವತ್ತು ದಾಟಿತಲ್ಲ ಎಂದುಕೊಂಡೆ. ಚಹಾ ತರಲು ಏಳುವಾಗ, ಅರ್ಧ ಎದ್ದಲ್ಲಿ, ಪರದೆ ಧಗ್ಗನೆ ಬೆಳಗಿತು. ಕುಂತೆ: ಕತ್ತಲೆ. ಎದ್ದೆ: ಬೆಳಕು.

"ಏನ ಆಗೇತಿ ನಿನಗ?" ಎಂದರು ನಮ್ಮವರು.

ಆಗಿದ್ದು ಇಷ್ಟೇ. ಆ ಟಿವಿ ತನ್ನ ಬೆಳಕನ್ನೆಲ್ಲ ಸೋಫಾದ ಎತ್ತರಕ್ಕೆ ಮಾತ್ರ ಕೊಡುತ್ತಿತ್ತು. ಅತ್ತೆಯದೋ ನೆಲದ ಮೇಲಿನ ಜಮಖಾನ, ನನ್ನದೂ ಅದೇ. ಅವರೆದುರು ಸೋಫಾ ಏರಿ ಕೂರುವುದು ನಮ್ಮ ಮನೆಯ ಸೊಸೆಯರಿಗೆ ಗೊತ್ತಿಲ್ಲ. ಮೇಲು ಕೀಳು ಇಲ್ಲವೆಂದು ಶರಣರು ಸಾರಿದ್ದೇನೋ ನಿಜ. ಅತ್ತೆ ಸೊಸೆಯರ ಬಾಬತ್ತು ಅವರ ಚರ್ಚೆಗೆ ಬಂದಿರಲಿಕ್ಕಿಲ್ಲ.

ನಮ್ಮವರು ಅವ್ವನನ್ನು ಎತ್ತಿ ಸೋಫಾದ ಮೇಲೆ ಕೂರಿಸಿದರು.

"ಯಪ್ಪಾ, ಕೆಂಪ ಲಂಗೋಟಿ!" ಎಂದು ಅತ್ತೆ ಕೂಗಿದ್ದು ಓಣಿಗೆಲ್ಲ ಕೇಳಿರಬೇಕು. ಆದರೆ ಲಂಗೋಟಿ ಕಂಡರೂ ಪಟ್ಟು ಕಾಣದು. ಅದನ್ನು ಹೇಳುವ ಕೆಲಸ ನನ್ನದು.

"ಹುಡಗಿ, ಮೂಡಲಗ್ಯಾಂವ ಮ್ಯಾಲ ಅದಾನೋ, ಹುಕ್ಕೇರ್ಯಾಂವ ಅದಾನೋ?"

"ನನಗ ಇಲ್ಲಿಂದ ಕಾಣವಲ್ದರಿ ಅತ್ತಿ."

"ಹಂಗಾರ ಅಲ್ಲೇನ್ ಮಾಡಾಕತ್ತಿ? ಮ್ಯಾಲ ಬಾ!"

ಮದುವೆಯಾಗಿ ಅಷ್ಟು ಕಾಲದ ಮೇಲೆ, ಸೆರಗು ಸರಿಮಾಡಿಕೊಂಡು, ಅತ್ತೆಯ ಬಾಜೂ ಕೂತೆ. ಪರೀಕ್ಷೆಗೆ ಕೂತಷ್ಟು ನರ್ವಸ್. ಅವರು ತಿರುಗಿ ಸಹ ನೋಡಲಿಲ್ಲ. ಹುಕ್ಕೇರಿಯವನು ಮೂಡಲಗಿಯವನ ಕಾಲು ಹಿಡಿದಿದ್ದ.

ಈಗಿನ ಗೋಡೆಯ ಟಿವಿಗಳು ಎಲ್ಲಿಂದ ನೋಡಿದರೂ ಒಂದೇ ತರ ಕಾಣುತ್ತವೆ. ಯಾರೂ ಯಾರ ಹತ್ತಿರವೂ ಕೂರಬೇಕಾಗಿಲ್ಲ. ವೆರಿ ಕನ್ವೀನಿಯಂಟ್.

ಮುಂದಿನ ವರ್ಷ ಅತ್ತೆಯ ಕಣ್ಣು ಪೂರ್ತಿ ಆರಿತು. ಕುಸ್ತಿಯ ಸಂಜೆ ಮಾತ್ರ ತಡವರಿಸಿಕೊಂಡು ಬಂದು ಸೋಫಾದಲ್ಲಿ ಕೂತು, ಪಕ್ಕದ ಜಾಗವನ್ನು ಅಂಗೈಯಿಂದ ತಟ್ಟುತ್ತಿದ್ದರು. ನಾನು ಹೇಳುತ್ತ ಹೋಗುತ್ತಿದ್ದೆ. ಒಮ್ಮೆ ಅವರ ಮೆಚ್ಚಿನ ಮೂಡಲಗಿಯವನು ಅಂಗಾತ ಬಿದ್ದ. ಹೇಳಲು ಮನಸ್ಸಾಗಲಿಲ್ಲ. ಸ್ವಲ್ಪ ತಡೆದು, "ಗೆದ್ದಾನ್ರಿ ಅತ್ತಿ," ಎಂದೆ.

ಅತ್ತೆ ನನ್ನ ತೊಡೆ ಚಿವುಟಿದರು. "ಸುಳ್ಳ ಹೇಳಬ್ಯಾಡ. ಅಂವ ಗೆದ್ದಿದ್ರ ಇಷ್ಟೊತ್ತಿಗೆ ನೀ ಎದ್ದ ನಿಂತ ಒದರತಿದ್ದಿ."