ಹಾಲುಕ್ಕಿದ ಗಾಜಿನ ಒಲೆ

ಔರಾದ್ ಕಡೆಯ ನಮ್ಮ ಹಳ್ಳಿಯಲ್ಲಿ ಬಾವಿ ಬತ್ತಿದ ವರ್ಷ ನನ್ನ ಗಂಡ ಕುರಿ ಹೊಡೆದುಕೊಂಡು, ಹುಲ್ಲು ಹುಡುಕುತ್ತ ತೆಲಂಗಾಣದ ಕಡೆ ನಡೆದರು. ಅತ್ತೆ ಭಾಲ್ಕಿಯ ಮಗಳ ಮನೆ ಸೇರಿದರು. ನಾನು ಬೀದರಿನ ಪಕ್ಕದ ಕೊಳಾರದ ಗೋದಾಮಿನಲ್ಲಿ ಕೆಲಸ ಹಿಡಿದು ಬೀದರಿನಲ್ಲೇ ಬಾಡಿಗೆ ಮನೆ ಮಾಡಿದೆ. ಮಳೆ ಬಿದ್ದ ಮೇಲೆ ಅವರು ಕುರಿ ಮಾರಿ ಬಂದು ನನ್ನ ಜೊತೆ ಇರಬೇಕೆಂದು ಮಾತಾಗಿತ್ತು. ಆ ಮಾತನ್ನು ನಾನು ಗಟ್ಟಿಯಾಗಿ ನಂಬಿದ್ದೆ.

ಅಡುಗೆಮನೆಯಲ್ಲಿ ಮಾಲೀಕರು ಬಿಟ್ಟುಹೋದ ಕರೆಂಟಿನ ಒಲೆಯಿತ್ತು. ಮೇಲೆಲ್ಲ ಕರಿ ಗಾಜು, ಅದರಲ್ಲಿ ಎರಡು ಸುತ್ತು. ಬೆಂಕಿಯೇ ಕಾಣದು, ಸುತ್ತು ಕೆಂಪಗಾಗುತ್ತದೆ ಅಷ್ಟೆ. ಮನೆ ಹೊಗುವ ದಿನ ಭಾಲ್ಕಿಯಿಂದ ಬಂದ ಅತ್ತೆ ಅದಕ್ಕೂ ಅರಿಸಿನ ಕುಂಕುಮ ಹಚ್ಚಿ ಹಾಲಿಟ್ಟರು. ಹೊಸ ಮನೆಯಲ್ಲಿ ಹಾಲು ಉಕ್ಕಲೇಬೇಕಲ್ಲ! ಉಕ್ಕಿತು, ಕಾದ ಗಾಜಿನ ಮೇಲೆ ಹರಿದು ಚುರ್ರೆಂದು ಸೀದು ಅಂಟಿಕೊಂಡಿತು. ನಾನು ಬಟ್ಟೆ ಹಿಡಿದು ಓಡಿದರೆ ಅತ್ತೆ ತಡೆದರು.

“ಒರಸಬ್ಯಾಡವ್ವ. ನನ್ನ ಮಗ ಬಂದು ನೋಡ್ಲಿ, ಹಾಲು ಎಷ್ಟು ಛಂದ ಉಕ್ಕೇದಂತ.”

ಅಂದಿನಿಂದ ಆ ಸುತ್ತು ಬಿಟ್ಟು ಇನ್ನೊಂದರ ಮೇಲಷ್ಟೇ ನನ್ನ ಅಡುಗೆ. ಮೊದಲು ಊರಿನ ರೂಢಿಯಂತೆ ಬೂದಿ, ನಾರು ಹಾಕಿ ತಿಕ್ಕಿ ಗಾಜಿಗೆ ಗೀರು ಎಬ್ಬಿಸಿದೆ. ಆಮೇಲೆ ಬುದ್ಧಿ ಬಂದು, ಒಲೆ ತಣ್ಣಗಾದ ಮೇಲೆ ಒದ್ದೆ ಬಟ್ಟೆಯಿಂದ ಮೆತ್ತಗೆ ಒರೆಸುತ್ತಿದ್ದೆ. ಹಾಲಿನ ಕಲೆಯ ಹತ್ತಿರ ಬಂದಾಗ ಕೈ ತಾನೇ ಸುತ್ತುಹಾಕಿ ಹೋಗುತ್ತಿತ್ತು. ಮಾತಾಡಲು ಯಾರೂ ಇರಲಿಲ್ಲ. ಕೆಲಸದಿಂದ ಬಂದು ನಾನೇ ಬೀಗ ತೆಗೆಯುತ್ತಿದ್ದೆ.

ಮಳೆ ಬಂತು. ಅವರು ಬರಲಿಲ್ಲ. ಫೋನು ಮಾತ್ರ ಬಂತು.

“ಕುರಿ ಮರಿ ಹಾಕೋ ಟೈಮದ. ಹ್ಯಾಂಗ ಬಿಟ್ಟು ಬರ್ಲಿ? ದೀಪಾವಳಿ ಆಗ್ಲಿ.”

ದೀಪಾವಳಿಯೂ ಆಯಿತು. ಈಗ ಮರಿಗಳು ದೊಡ್ಡವಾಗಬೇಕಂತೆ. ಸವತಿಯ ಮೇಲೆ ಹೊಟ್ಟೆಕಿಚ್ಚುಪಡುವವರನ್ನು ಕಂಡಿದ್ದೇನೆ, ಕುರಿಯ ಮೇಲೆ ಪಟ್ಟವಳು ನಾನೊಬ್ಬಳೇ ಇರಬೇಕು. ಸಿಟ್ಟು ನೆತ್ತಿಗೇರಿ ಅಂದೇ ಆ ಕಲೆಗೆ ಸೋಡಾ ಪುಡಿ ಸುರಿದು, ಬಿಸಿನೀರಿನ ಬಟ್ಟೆ ಹೊದಿಸಿದೆ. ನೆನೆದ ಮೇಲೆ ಬ್ಲೇಡು ಮಲಗಿಸಿ ಹಿಡಿದು ಕೆರೆದೆ. ಪದರ ಪದರವಾಗಿ ಎದ್ದು ಬಂತು. ಎರಡೂ ಸುತ್ತು ಹಚ್ಚಿ ಬೇಳೆ, ಅನ್ನ ಒಟ್ಟಿಗೇ ಬೇಯಿಸಿಕೊಂಡು ಉಂಡೆ.

ಅವರು ಬಂದದ್ದು ಮರುಬೇಸಿಗೆಗೆ. ಕೊನೆಗೂ ಕುರಿ ಮಾರಿದ್ದರು. ಹೆಗಲ ಕಂಬಳಿಯನ್ನೂ ಇಳಿಸದೆ ಒಲೆಯ ಮುಂದೆ ಬಗ್ಗಿದರು.

“ಹಾಲು ಉಕ್ಕಿದ್ದು ನೋಡಂತ ಅವ್ವ ಹೇಳ್ಯಾಳ. ಎಲ್ಲದ?”

“ಕೆರೆದು ತಗದೇನ್ರಿ.”

“ಯಾಕ?”

“ನೀವು ಬರ್ಲಿಲ್ಲಲ್ರಿ.”

ಅವರು ಕಂಬಳಿ ಇಳಿಸಿದರು. “ಈಗ ಬಂದೀನಲ್ಲ. ಇಬ್ಬರಿಗೂ ಚಾ ಇಡು” ಅಂದರು.

ಪಾತ್ರೆಗಾಗಿ ಕೈ ಹಾಕಿದೆ. ಅಷ್ಟು ದಿನ ಹಾರೈಸಿದ್ದು ಕೈಗೂಡಿತ್ತು, ಆದರೆ ಇಬ್ಬರಿಗೆ ಸಾಲುವಂಥ ಒಂದು ಪಾತ್ರೆಯೂ ನನ್ನ ಮನೆಯಲ್ಲಿರಲಿಲ್ಲ.