ಕದಿರು ಕಟ್ಟಿದ ಚೀಟಿಗಳು

ಪರೀಕ್ಷೆ ಬರೆಯುವ ಮೊದಲೇ ಕೆಲಸ ಸಿಕ್ಕಿತು ಎಂದು ಊರಿಗೆಲ್ಲ ಹೇಳಿಕೊಂಡು ಬಂದವಳು ನಾನು. ನಾವುಂದದಿಂದ ಕುಂದಾಪುರಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ನನ್ನ ಪಕ್ಕ ಕುಳಿತವರೆಲ್ಲರಿಗೂ ಆ ಸುದ್ದಿ ಗೊತ್ತಿತ್ತು. ಕುಂದಾಪುರದ ಡಿಟಿಪಿ ಅಂಗಡಿಯೊಂದರಲ್ಲಿ ಒಂಬತ್ತು ವರ್ಷ ಮದುವೆ ಕಾಗದ, ಗೃಹಪ್ರವೇಶದ ಕಾಗದ ಟೈಪ್ ಮಾಡಿದವಳು. ಬ್ರಹ್ಮಾವರದಲ್ಲಿ ಹೊರದೇಶದ ಪುಸ್ತಕಗಳ ಕರಡು ತಿದ್ದುವ ಕಚೇರಿಯೊಂದು ಇದೆ, ಅಲ್ಲಿಗೆ ಜನ ಬೇಕಂತೆ ಎಂದು ಕೇಳಿದ ದಿನವೇ ಅದು ನನ್ನದೇ ಕುರ್ಚಿ ಎಂದು ತೀರ್ಮಾನಿಸಿಬಿಟ್ಟೆ.

ಸುಮ್ಮನೆ ಬಂದ ಧೈರ್ಯವಲ್ಲ ಅದು. ತಪ್ಪು ಹಿಡಿಯುವುದು ನನ್ನ ಹುಟ್ಟುಗುಣ. ವರನ ಹೆಸರಿನಲ್ಲಿ ಒಂದಕ್ಷರ ಹೆಚ್ಚಾದರೂ ಕಾಗದ ಪ್ರೆಸ್ಸಿಗೆ ಹೋಗುವ ಮೊದಲು ನನ್ನ ಕಣ್ಣಿಗೆ ಬೀಳುತ್ತಿತ್ತು. ಅಂಗಡಿಗೆ ಬಂದವರು ಇಂಗ್ಲಿಷಿನಲ್ಲಿ ಬರೆದು ತಂದದ್ದನ್ನು ಅವರೆದುರೇ ತಿದ್ದಿ, ಅವರ ಮುಖ ಸಣ್ಣದಾಗುವುದನ್ನು ನೋಡಿ ಖುಷಿಪಡುವಷ್ಟು ಕೆಟ್ಟ ಬುದ್ಧಿಯೂ ಇತ್ತು. ನನ್ನ ಅತ್ತೆ ಇದನ್ನು ಬೇರೆ ರೀತಿ ಹೇಳುತ್ತಿದ್ದರು. "ನಮ್ ಸೊಸಿ ಪಕ್ಕದ್ ಮನಿ ಸಾರಿನ ಉಪ್ಪನ್ನೂ ಇಲ್ಲೇ ಕೂಕಂಡ್ ಹಿಡೀತ್ಲ್" ಎಂದು ಬಂದವರಿಗೆಲ್ಲ ಹೊಗಳುತ್ತಿದ್ದರು. ಹೊಗಳಿಕೆಯೋ ಅಲ್ಲವೋ, ನಾನಂತೂ ಹಾಗೆಯೇ ತೆಗೆದುಕೊಂಡಿದ್ದೆ.

ಮಳೆಗಾಲದ ಶುರುವಿನಲ್ಲಿ ಪರೀಕ್ಷೆ ನಡೆಯಿತು. ಎರಡು ಪುಟ ಕೊಟ್ಟರು, ಕೆಂಪು ಪೆನ್ನು ಕೊಟ್ಟರು. ನಾನು ಉಳಿದವರಿಗಿಂತ ಮೊದಲೇ ಮುಗಿಸಿ, ಕೈಕಟ್ಟಿ ಕುಳಿತು, ಅವರು ಬೆವರುವುದನ್ನು ನೋಡಿದೆ. ಅರ್ಧ ಗಂಟೆಯ ಮೇಲೆ ಕಚೇರಿಯ ಮುಖ್ಯಸ್ಥೆ ಒಳಗೆ ಕರೆದು ನನ್ನ ಪುಟಗಳನ್ನು ಮುಂದಿಟ್ಟರು. ನಾನು ಹಾಕಿದ ಕೆಂಪು ಗೆರೆಗಳ ಮೇಲೆ ಅವರ ಹಸಿರು ಗೆರೆಗಳಿದ್ದವು.

ಲೇಖಕ ಬ್ರಿಟನ್ನಿನವನು. ಕಲರ್ ಎನ್ನುವಲ್ಲೆಲ್ಲ ಅವನು ಒಂದು ಯು ಸೇರಿಸಿ ಬರೆದಿದ್ದ. ಅದನ್ನು ಒಂದು ಕಡೆ ಹೊಡೆದು ಹಾಕಿದ್ದೆ, ನಾಲ್ಕು ಸಾಲು ಕೆಳಗೆ ಹಾಗೇ ಬಿಟ್ಟಿದ್ದೆ. ಟೈರಿನ ವೈ ತೆಗೆದು ಐ ಮಾಡಿದ್ದೆ. ಗ್ರೇ ಬಣ್ಣದ ಇ ತೆಗೆದು ಎ ಕೂರಿಸಿದ್ದೆ. ಅವನು ಬರೆದದ್ದೆಲ್ಲ ಸರಿಯಿತ್ತು, ಹಾಳು ಮಾಡಿದವಳು ನಾನು. ಶಾಲೆಯಲ್ಲಿ ಕಲಿತದ್ದು ಬ್ರಿಟನ್ನಿನ ಇಂಗ್ಲಿಷ್, ಆಮೇಲೆ ಫೋನು ಕೆಂಪು ಗೆರೆ ಎಳೆದು ಕಲಿಸಿದ್ದು ಅಮೆರಿಕದ್ದು. ಇವೆರಡೂ ನನ್ನ ತಲೆಯೊಳಗೆ ಅಕ್ಕಿಗೆ ಹುರುಳಿ ಬೆರೆತ ಹಾಗೆ ಬೆರೆತುಹೋಗಿವೆ ಎಂಬುದು ಆ ದಿನದವರೆಗೆ ನನಗೆ ಗೊತ್ತೇ ಇರಲಿಲ್ಲ. ಅದಲ್ಲದೆ ಅರ್ಥವೇ ತಿಳಿಯದ ಹದಿನೇಳು ಪದಗಳನ್ನು ಮುಟ್ಟದೆ ದಾಟಿದ್ದೆ.

"ನಿಮಗೆ ಕಣ್ಣು ಚುರುಕಿದೆ, ಆದರೆ ಎರಡು ದೋಣಿಯಲ್ಲಿ ಕಾಲಿಟ್ಟಿದ್ದೀರಿ" ಎಂದರು ಮುಖ್ಯಸ್ಥೆ. "ದೀಪಾವಳಿ ಕಳೆದ ಮೇಲೆ ಇನ್ನೊಂದು ಸಲ ಬನ್ನಿ. ಆಗಲೂ ಹೀಗೇ ಆದರೆ ಮೂರನೇ ಸಲ ಕರೆಯುವುದಿಲ್ಲ."

ಬಸ್ಸಿನಲ್ಲಿ ಯಾರ ಮುಖವನ್ನೂ ನೋಡದೆ ಮನೆಗೆ ಬಂದೆ. ಪ್ರಶ್ನೆಪತ್ರಿಕೆಯೇ ಸರಿ ಇರಲಿಲ್ಲ ಎಂದು ಗಂಡನ ಹತ್ತಿರ ಹೇಳಿದೆ. ಗಂಡ ಬೈಂದೂರು ಕಡೆಯ ಬಸ್ಸಿನ ಡ್ರೈವರು, ಹೆಚ್ಚು ಮಾತಿಲ್ಲದವರು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ಅಷ್ಟೇ ಹೇಳಿ ಸ್ನಾನಕ್ಕೆ ಹೋದರು. ನನಗೆ ಸಿಟ್ಟು ಬಂತು. ಸಿಟ್ಟು ಬಂದರೆ ನಾನು ಕೆಲಸ ಮಾಡುತ್ತೇನೆ, ಅದೊಂದು ಗುಣ ನನ್ನಲ್ಲಿ ಚೆನ್ನಾಗಿದೆ.

ಮರುದಿನ ಅಂಗಡಿಯಿಂದ ಒಂದು ಚೀಲ ತುಂಬ ಹಾಳಾದ ಮದುವೆ ಕಾಗದಗಳನ್ನು ಹೊತ್ತು ತಂದೆ. ಒಳ್ಳೆಯ ದಪ್ಪ ಕಾಗದ. ಅವನ್ನು ಚೀಟಿಗಳಾಗಿ ಕತ್ತರಿಸಿ, ಖಾಲಿ ಬದಿಯಲ್ಲಿ ಒಂದೊಂದೇ ಇಂಗ್ಲಿಷ್ ಪದ ದೊಡ್ಡದಾಗಿ ಬರೆದು, ತೂತು ಮಾಡಿ, ದಾರ ಹಾಕಿ, ಮನೆಯ ವಸ್ತುಗಳಿಗೆಲ್ಲ ಕಟ್ಟುತ್ತ ಹೋದೆ. ಶಾಲೆಯಲ್ಲಿ ಕಲಿತದ್ದೇ ಗಟ್ಟಿಯಾಗಲಿ ಎಂದು ಬರೆದದ್ದೆಲ್ಲ ಬ್ರಿಟನ್ನಿನದು. ಕೊಟ್ಟಿಗೆಯಲ್ಲಿ ನೇತುಹಾಕಿದ ಹಳೆಯ ನೇಗಿಲಿಗೆ ಒಂದು, ಕೊಡಲಿಗೆ ಒಂದು, ಬೀರುವಿಗೆ, ನಲ್ಲಿಗೆ, ಟಾರ್ಚಿಗೆ, ಅಂಗಳದ ಬದನೆ ಗಿಡಕ್ಕೆ. ವಸ್ತು ಇಲ್ಲದ ಪದಗಳಿಗೂ ಜಾಗ ಹುಡುಕಿದೆ. ಹಟಮಾರಿ ಎನ್ನುವ ಪದವನ್ನು ಕರುವಿನ ಗೂಟಕ್ಕೆ ಕಟ್ಟಿದೆ, ನೆರೆಹೊರೆ ಎನ್ನುವುದನ್ನು ಬೇಲಿಗೆ.

"ಮದ್ವಿ ಕಾಗ್ದ ಕಟ್ಟಿದ್ದ್ ಕಂಡ್ರೆ ಜನ ಎಂತ ಹೇಳೂದ್? ನೇಗಿಲಿಗೂ ಕೊಡ್ಲಿಗೂ ಲಗ್ನ ನಿಶ್ಚೈ ಆಯ್ತ್ ಅಂತ ತಿಳ್ಕಂತ್ರ್" ಎಂದರು ಅತ್ತೆ.

ಅತ್ತೆ ಬೀಜಾಡಿಯ ಕಡಲ ದಂಡೆಯಲ್ಲಿ ಹುಟ್ಟಿ, ಮೂರನೇ ಕ್ಲಾಸಿನವರೆಗೆ ಕನ್ನಡ ಓದಿ, ಮದುವೆಯಾಗಿ ನಾವುಂದಕ್ಕೆ ಬಂದು ಗದ್ದೆ ಕೆಲಸಕ್ಕೆ ನಿಂತವರು. ಇಂಗ್ಲಿಷಿನ ಒಂದಕ್ಷರವೂ ಅವರಿಗೆ ಗೊತ್ತಿಲ್ಲ. ಹಾಗೆಂದು ಸುಮ್ಮನಿರುವವರೂ ಅಲ್ಲ. ಒಂದು ವಾರ ಕಳೆಯುವುದರೊಳಗೆ ಅವರೇ ನನ್ನ ಮೇಷ್ಟರಾಗಿದ್ದರು. ನಾನು ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದರೆ ಅವರು ಹೊರಗಿನಿಂದ ಕೂಗುತ್ತಿದ್ದರು.

"ಹ್ವಾಯ್, ನೇಗಿಲಿಗೆ ಎಂತ ಹೇಳೂದ್?"

ನಾನು ಪದ ಹೇಳಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಬೇಕು. ಅವರು ಚೀಟಿಯ ಎದುರು ನಿಂತು ಬೆರಳು ಮಡಚುತ್ತ ಎಣಿಸುತ್ತಿದ್ದರು. ಓದಲು ಬಾರದಿದ್ದರೇನು, ಎಣಿಸಲು ಬರುತ್ತದಲ್ಲ. "ಇಲ್ಲ್ ಆರ್ ಇತ್ತ್, ನೀ ಐದ್ ಹೇಳ್ದೆ. ಮತ್ತೊಂದ್ ಸರ್ತಿ ಹೇಳ್." ಒಮ್ಮೆಯೂ ಅವರ ಲೆಕ್ಕ ತಪ್ಪಲಿಲ್ಲ. ನೇಗಿಲಿನ ಕೊನೆಗೆ ಉಚ್ಚಾರಕ್ಕೇ ಬಾರದ ಜಿ, ಎಚ್ ಎಂಬ ಎರಡು ಅಕ್ಷರಗಳಿವೆ, ಅವನ್ನು ನಾನು ಮರೆಯದ ಹಾಗೆ ಮಾಡಿದ್ದು ಆ ಬೆರಳುಗಳೇ. ಮಳೆಗಾಲವಿಡೀ ಇದು ನಡೆಯಿತು. ಚೀಟಿಗಳು ಇನ್ನೂರು ದಾಟಿದವು.

ನವರಾತ್ರಿ ಬಂತು. ನಮ್ಮ ಕಡೆ ಆಗ ಮನೆಗೆ ಹೊಸ ಕದಿರು ತರುತ್ತಾರೆ. ಮಾವಿನ ಎಲೆ, ಹಲಸಿನ ಎಲೆ, ಬಿದಿರಿನ ಎಲೆಯ ನಡುವೆ ಒಂದೆರಡು ಭತ್ತದ ತೆನೆ ಇಟ್ಟು, ನಾರಿನಿಂದ ಬಿಗಿದು, ಸಣ್ಣ ಕಟ್ಟು ಮಾಡುವುದು. ಅದನ್ನು ಬಾಗಿಲಿಗೆ, ಬಾವಿಗೆ, ನೇಗಿಲಿಗೆ, ತೆಂಗಿನ ಮರಕ್ಕೆ, ಬೀರುವಿಗೆ, ಬೈಕಿಗೆ, ಹೀಗೆ ಮನೆಯನ್ನು ಸಾಕುವ ಪ್ರತಿಯೊಂದಕ್ಕೂ ಕಟ್ಟುವುದು. ಅತ್ತೆ ಕಟ್ಟಲು ಹೋದಲ್ಲೆಲ್ಲ ನನ್ನ ಚೀಟಿ ಮೊದಲೇ ನೇತಾಡುತ್ತಿತ್ತು. ಬೇರೆ ಜಾಗ ಹುಡುಕುವುದು ಯಾಕೆಂದು ಅವರು ನನ್ನ ದಾರದ ಮೇಲೆಯೇ ನಾರು ಸುತ್ತಿ ಬಿಗಿದುಬಿಟ್ಟರು.

ಅದಾಗಿ ಎರಡೇ ದಿನಕ್ಕೆ ಬ್ರಹ್ಮಾವರದ ಆ ಕಚೇರಿಯಲ್ಲಿ ಕೆಲಸ ಮಾಡುವ ಹುಡುಗಿಯೊಬ್ಬಳು ಕುಂದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದಳು. ನಾನು ಬ್ರಿಟನ್ನಿನ ಇಂಗ್ಲಿಷನ್ನು ಅರೆದು ಕುಡಿದಿದ್ದೇನೆ ಎಂದು ಜಂಬದಲ್ಲಿ ಹೇಳಿದೆ. ಅವಳು ಪಾಪ ಎನ್ನುವ ಮುಖ ಮಾಡಿದಳು. "ಅಯ್ಯೋ ಅಕ್ಕ, ಈಗ ನಮ್ಗ್ ಬಪ್ಪುದೆಲ್ಲ ಅಮೆರಿಕದ ಪುಸ್ತಕವೇ."

ನಾಲ್ಕು ತಿಂಗಳು! ಬಸ್ಸು ಇಳಿದು ಮನೆಗೆ ನಡೆಯುವಾಗ ನನಗೆ ಕಣ್ಣು ಕತ್ತಲೆ ಬರುವಷ್ಟು ಸಿಟ್ಟು. ಚಪ್ಪಲಿ ಬಿಡುವ ಮೊದಲೇ ಆ ಹುಡುಗಿ ಹೇಳಿದ್ದನ್ನು ಅತ್ತೆಗೆ ಕೂಗಿ ಹೇಳುತ್ತ ಕತ್ತರಿ ಹುಡುಕಿದೆ. ಬಚ್ಚಲ ಒಲೆ ಉರಿಯುತ್ತಿತ್ತು. ಎಲ್ಲವನ್ನೂ ಕತ್ತರಿಸಿ ಒಲೆಗೆ ಹಾಕಿ, ನಾಳೆಯಿಂದ ಹೊಸದಾಗಿ ಅಮೆರಿಕ ಶುರು ಮಾಡುವುದು ಎಂದು ನೇಗಿಲಿನ ಹತ್ತಿರ ಹೋದೆ. ಅತ್ತೆ ಬಂದು ನೇಗಿಲಿಗೂ ನನಗೂ ನಡುವೆ ನಿಂತರು.

"ಕದ್ರ್ ಕಟ್ಟಿದ್ದ್. ಬಿಚ್ಚುಕಾಗ."

"ಅತ್ತೆ, ಚೀಟಿ ಮಾತ್ರ ತೆಗೂದ್."

"ನಾರ್ ಎರ್ಡಕ್ಕೂ ಒಂದೇ. ಚೀಟಿ ತೆಗೆದ್ರೆ ಕದ್ರೂ ಬತ್ತ್. ಬಪ್ಪು ವರ್ಷ ಹೊಸ ಕದ್ರ್ ಬಪ್ಪಲ್ಲಿವರಿಗೆ ಮುಟ್ಟುಕಾಗ. ಶಾಸ್ತ್ರ ಅದ್."

"ಹಾಂಗಾರೆ ನನ್ ಪರೀಕ್ಷಿ?"

"ಬದಿಗ್ ಇನ್ನೊಂದ್ ಕಟ್ಟ್. ಕಟ್ಟುಕಾಗ ಅಂದಿದ್ನಾ?"

ದೇವರ ವಿಷಯದಲ್ಲಿ ಅತ್ತೆಯ ಎದುರು ವಾದ ಮಾಡಿ ಗೆದ್ದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ. ಹಲ್ಲು ಕಚ್ಚಿಕೊಂಡು ಮತ್ತೊಂದು ಚೀಲ ಮದುವೆ ಕಾಗದ ತಂದೆ. ಎಡಕ್ಕೆ ಬ್ರಿಟನ್, ಬಲಕ್ಕೆ ಅಮೆರಿಕ. ಅತ್ತೆ ಮತ್ತೆ ಎಣಿಸಲು ನಿಂತರು. ನೇಗಿಲು ಎಡದಲ್ಲಿ ಆರು, ಬಲದಲ್ಲಿ ನಾಲ್ಕು. ಕೊಡಲಿ ಎಡದಲ್ಲಿ ಮೂರು, ಬಲದಲ್ಲಿ ಎರಡೇ. "ಅಮೆರಿಕದವ್ರ್ ಭಾರೀ ಜಿಪುಣ್ರ್ ಮಾರಾಯ್ತಿ, ಅಕ್ಷರವನ್ನೂ ಉಳ್ಸ್ತ್ರ್" ಎಂದು ತೀರ್ಪು ಕೊಟ್ಟರು. ನಲ್ಲಿಯ ಹತ್ತಿರ ಬಂದಾಗ ಆ ತೀರ್ಪು ಬಿದ್ದುಹೋಯಿತು, ಅಲ್ಲಿ ಬಲದ್ದೇ ಉದ್ದ. ಟಾರ್ಚಿಗೆ ಬಲದಲ್ಲಿ ಹತ್ತು ಅಕ್ಷರ ಕಂಡು "ಇದ್ ಹೇಳಿ ಮುಗುದ್ರೊಳಗೆ ಹಾವ್ ಕಚ್ಚಿ ಹೋತ್ತ್" ಎಂದರು. ಟೈರಿಗೆ ಎರಡೂ ಕಡೆ ನಾಲ್ಕೇ ಇದ್ದದ್ದರಿಂದ ಬೇರೆ ಮಾಡಿ ನೋಡಲು ಎಡದ ಚೀಟಿಗೆ ಅರಿಶಿನದ ಬೊಟ್ಟು ಇಟ್ಟರು. ಬದನೆಗಂತೂ ಮೂರು ಚೀಟಿ: ನಮ್ಮ ದೇಶದ್ದೊಂದು, ಬ್ರಿಟನ್ನಿನದೊಂದು, ಅಮೆರಿಕದ್ದೊಂದು. ಆ ವರ್ಷ ಆ ಗಿಡದಲ್ಲಿ ಬದನೆಗಿಂತ ಹೆಚ್ಚು ಹೆಸರುಗಳೇ ನೇತಾಡುತ್ತಿದ್ದವು.

ದೀಪಾವಳಿ ಕಳೆದು ಬ್ರಹ್ಮಾವರಕ್ಕೆ ಹೋದೆ. ಈ ಸಲ ಬಸ್ಸಿನಲ್ಲಿ ಯಾರಿಗೂ ಹೇಳಿರಲಿಲ್ಲ. ಇದು ಕೊನೆಯ ಅವಕಾಶ, ತಪ್ಪಿದರೆ ಮತ್ತೆ ಮದುವೆ ಕಾಗದವೇ ಗತಿ. ಮುಖ್ಯಸ್ಥೆ ನಾಲ್ಕು ಪುಟ ಕೊಟ್ಟು, "ಯಾವ ಪುಟ ಯಾವ ದೇಶದ್ದು ಎಂದು ಬರೆದಿಲ್ಲ. ನೀವೇ ಗುರುತಿಸಿ, ಅದರಂತೆ ತಿದ್ದಿ" ಎಂದರು.

ಬಸ್‌ಸ್ಟ್ಯಾಂಡಿನ ಹುಡುಗಿ ಹೇಳಿದ್ದು ಅವಳ ಮೇಜಿನ ಸುದ್ದಿ ಮಾತ್ರ ಎಂದು ಆಗ ತಿಳಿಯಿತು. ಮೊದಲ ಪುಟದಲ್ಲಿ ರೈತನ ಹೊಲದ ವರ್ಣನೆ. ನೇಗಿಲು ಎನ್ನುವ ಪದ ಕಂಡ ಕೂಡಲೇ ನಮ್ಮ ಕೊಟ್ಟಿಗೆ ಕಣ್ಣೆದುರು ಬಂತು. ಆರು ಅಕ್ಷರ, ಎಡದ ಚೀಟಿ, ಬ್ರಿಟನ್. ಮೂರನೇ ಪುಟದಲ್ಲಿ ನಲ್ಲಿ, ಬಲದ ಚೀಟಿ. ಆಮೇಲೆ ನಾನು ಆ ಕೋಣೆಯಲ್ಲಿರಲಿಲ್ಲ, ನಮ್ಮ ಮನೆಯೊಳಗೆ ಓಡಾಡುತ್ತಿದ್ದೆ. ಕೊಟ್ಟಿಗೆಯಿಂದ ಬಾವಿಗೆ, ಬಾವಿಯಿಂದ ಬೇಲಿಗೆ. ಎಲ್ಲಾದರೂ ತಡೆದರೆ ಬೆರಳು ಮಡಚಿ ಎಣಿಸಿದೆ. ನನ್ನ ಪುಟಗಳನ್ನು ನೋಡುವಾಗ ಮುಖ್ಯಸ್ಥೆಯ ಹಸಿರು ಪೆನ್ನು ಎರಡೇ ಕಡೆ ನಿಂತಿತು. ಸೋಮವಾರದಿಂದ ಬನ್ನಿ ಎಂದರು. ನಾನು ಆಗಲಿ ಎಂದು ಗಂಭೀರವಾಗಿ ತಲೆಯಾಡಿಸಿ ಹೊರಗೆ ಬಂದು, ಹೆದ್ದಾರಿಯ ಬದಿಯಲ್ಲಿ ನಿಂತು ಒಬ್ಬಳೇ ನಕ್ಕೆ.

ಕೆಲಸಕ್ಕೆ ಸೇರಿದ ಮೇಲೆ ಎರಡೂ ಇಂಗ್ಲಿಷು ಇಷ್ಟು ಖಚಿತವಾಗಿ ಹೇಗೆ ಬಂತು ಎಂದು ಕೇಳಿದವರಿಗೆಲ್ಲ ನನ್ನದು ಒಂದೇ ಉತ್ತರ. "ಸ್ವಂತ ಸಾಧನೆ." ಹಾಗೆ ಹೇಳಲು ನನಗೆ ಒಂದಿಷ್ಟೂ ನಾಚಿಕೆ ಆಗಿರಲಿಲ್ಲ.

ಮರುವರ್ಷದ ಆಷಾಢ. ಹೊಸ ಕದಿರಿಗೆ ಇನ್ನೂ ತಿಂಗಳುಗಟ್ಟಲೆ ಇತ್ತು. ಒಂದು ಭಾನುವಾರ ಬಟ್ಟೆ ಮಡಚುತ್ತಿದ್ದಾಗ ನೋಡುತ್ತೇನೆ, ಅತ್ತೆ ಬೀರುವಿನ ಕದಿರಿನ ಕಟ್ಟನ್ನು ಕತ್ತಿಯಲ್ಲಿ ಚಕ್ಕನೆ ಕೊಯ್ದು ತೆಂಗಿನ ಬುಡಕ್ಕೆ ಎಸೆಯುತ್ತಿದ್ದಾರೆ. ಮಳೆಗೆ ಬಾಗಿಲು ಉಬ್ಬಿ, ಕಟ್ಟು ಸಿಕ್ಕಿಕೊಂಡು, ಬೀರು ಮುಚ್ಚಲು ಆಗುತ್ತಿರಲಿಲ್ಲವಂತೆ.

"ಅತ್ತೆ! ಬಿಚ್ಚುಕಾಗ ಅಂದಿದ್ರಿ! ಶಾಸ್ತ್ರ ಅಂದಿದ್ರಿ!"

"ಎಂತ ಶಾಸ್ತ್ರ? ಕಟ್ಟೂಕೆ ಶಾಸ್ತ್ರ ಇತ್ತ್. ಅಡ್ಡ ಬಂದ್ರೆ ತೆಗೀತ್ರ್. ಬೀಜಾಡಿಯಗೆ ನನ್ ಅಬ್ಬಿಯೂ ತೆಗೀತಿದ್ಲ್."

"ಮತ್ತೆ ಆವತ್ತ್ ನಂಗೆ ಹೇಳದ್ದ್?"

ಅತ್ತೆ ಕತ್ತಿಯನ್ನು ಕೆಳಗಿಟ್ಟು ನನ್ನನ್ನು ನೋಡಿದರು. "ಯಾರೋ ಒಬ್ಳ್ ಬಸ್‌ಸ್ಟ್ಯಾಂಡಗೆ ಎಂತದೋ ಹೇಳ್ಲ್ ಅಂತ ನೀ ಒಲಿಗ್ ಹಾಕುಕೆ ಹೊರ್ಟದ್ದ್. ಸಿಟ್ಟಗೆ ಕೊಯ್ದ ಮೂಗ್ ಮತ್ತೆ ಬತ್ತಾ? ದೇವ್ರ್ ಹೆಸ್ರ್ ಹೇಳ್ದೆ ನೀ ಕೇಂತಿದ್ಯಾ? ನಾಲ್ಕ್ ತಿಂಗ್ಳ್ ನಾ ಮಳಿಯಗೆ ನಿಂತ್ಕಂಡ್ ಎಣ್ಸದ್ದ್, ಬಚ್ಚಲ್ ನೀರ್ ಕಾಯ್ಸುಕಾ ಹೆಣೆ?"

ಸ್ವಂತ ಸಾಧನೆ ಎಂದು ಎಷ್ಟು ಜನರ ಎದುರು ಹೇಳಿದ್ದೆನೋ ಅಷ್ಟೂ ಮುಖಗಳು ನೆನಪಾಗಿ ಕಿವಿ ಬಿಸಿಯಾಯಿತು. ಅವರು ಎಣಿಸಿದ್ದು ನನ್ನ ಅಕ್ಷರಗಳನ್ನು ಎಂದು ಮಾತ್ರ ತಿಳಿದಿದ್ದೆ. ಅದು ಅವರದ್ದೂ ದುಡಿಮೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಕೊಯ್ದ ನಾರಿನ ಜೊತೆ ಬೀರುವಿನ ಎರಡು ಚೀಟಿಗಳೂ ಕೆಳಗೆ ಬಿದ್ದಿದ್ದವು. ಅತ್ತೆ ಅವನ್ನು ಹೆಕ್ಕಿ, ಸೆರಗಿನಿಂದ ಒರೆಸಿ, ಎಡದ್ದನ್ನು ಎಡಗೈಯಲ್ಲಿ, ಬಲದ್ದನ್ನು ಬಲಗೈಯಲ್ಲಿ ಹಿಡಿದರು.

"ಕೆಲ್ಸ ಸಿಕ್ತ್ ಅಂತ ಮರ್ತಿದ್ಯಾ ಏನ್. ಹೇಳ್ ಕಾಂಬ."

ಹೊರದೇಶದವರ ಪುಸ್ತಕ ತಿದ್ದುವ ನಾನು ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು, ನೆಟ್ಟಗೆ ನಿಂತು, ಮೊದಲು ಬ್ರಿಟನ್ನಿನದನ್ನು, ಆಮೇಲೆ ಅಮೆರಿಕದ್ದನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. ಅತ್ತೆ ಬೆರಳು ಮಡಚುತ್ತ ಎಣಿಸಿದರು. ಎಂಟು, ಮತ್ತು ಆರು. ಎರಡೂ ಸರಿ ಇತ್ತು.