ಇಬ್ಬರಿಗೆ ಶುಗರ್, ಒಂದು ಹೋಳಿಗೆ

ನಮ್ಮ ಮನೆಯಲ್ಲಿ ಇಬ್ಬರಿಗೆ ಶುಗರ್ ಉಂಟು. ಒಬ್ಬಳು ನಾನು, ಹಲ್ಲು ಹೋದ ಮುದುಕಿ. ಇನ್ನೊಬ್ಬಳು ನನ್ನ ಮೊಮ್ಮಗನ ಹೆಂಡತಿ ರಕ್ಷಿತಾ, ಚೊಚ್ಚಲ ಬಸುರಿ. ಕಾಯಿಲೆ ಒಂದೇ, ಉಪಚಾರ ಮಾತ್ರ ಬೇರೆ. ನಾನು ಚಹಾಕ್ಕೆ ಅರ್ಧ ಚಮಚ ಸಕ್ಕರೆ ಹಾಕಿದರೆ ದನದ ಹಟ್ಟಿಯಲ್ಲಿದ್ದ ಸೊಸೆ ಸುಜಾತಳಿಗೆ ಅದು ಹೇಗೋ ಕೇಳಿಸುತ್ತದೆ. ಸಗಣಿ ಕೈಯಲ್ಲೇ ಓಡಿ ಬಂದು ಲೋಟ ಕಿತ್ತುಕೊಳ್ಳುತ್ತಾಳೆ. ಅದೇ ಸುಜಾತ ಕೈ ತೊಳೆದುಕೊಂಡು ಹೋಗಿ ತನ್ನ ಸೊಸೆಯ ಬಾಯಿಗೆ ತುಪ್ಪದ ಉಂಡೆ ಹಿಡಿಯುತ್ತಾಳೆ. ಹೋಗುವ ಕಾಲದವಳಿಗೆ ಕಾವಲು, ಹೆರುವವಳಿಗೆ ಉಂಡೆ. ಇದು ಯಾವ ಶಾಸ್ತ್ರವೆಂದು ಕೇಳಿದರೆ, "ನಿಮ್ಮದು ಪ್ರಾಯದ ಶುಗರ್ ಅತ್ತೆ, ಅವಳದ್ದು ಬಸುರಿನದ್ದು. ಹೆತ್ತ ಮೇಲೆ ಹೋಗ್ತದೆ" ಎನ್ನುತ್ತಾಳೆ. ಹೆತ್ತ ಮೇಲೆ ಹೋಗುವುದಾದರೆ ಹೆರುವ ತನಕ ಎಲ್ಲಿರುತ್ತದೆ? ಹೊಟ್ಟೆಯಲ್ಲಿ, ಮಗುವಿನ ಪಕ್ಕದಲ್ಲೇ.

ಬಸುರಿಗೆ ಜನ ಬೇಕು ಎಂದು ಎಲ್ಲರೂ ಹೇಳುತ್ತಾರೆ. ನಮ್ಮ ಸಿದ್ಧಕಟ್ಟೆಯಲ್ಲಿ ಜನಕ್ಕೆ ಕೊರತೆಯೆ? ಶುಗರ್ ಎಂದು ಗೊತ್ತಾದ ವಾರವೇ ಜನ ಬರತೊಡಗಿದರು. ಯಾರೂ ಬರಿಗೈಯಲ್ಲಿ ಬರಲಿಲ್ಲ. ಒಬ್ಬಳು ಹಾಗಲಕಾಯಿ ರಸ ತಂದಳು. ಇನ್ನೊಬ್ಬಳು ಬೆಲ್ಲದ ಮಣ್ಣಿ ತಂದು, "ಇದು ಬೆಲ್ಲ, ಇದರಲ್ಲಿ ಸಕ್ಕರೆ ಇಲ್ಲ, ಧೈರ್ಯದಲ್ಲಿ ತಿನ್ನು" ಎಂದಳು. ಕಹಿಯ ಮೇಲೆ ಸಿಹಿ, ಅಲ್ಲಿಗಲ್ಲಿಗೆ ಸರಿಹೋಯಿತೆಂದು ಇಬ್ಬರೂ ಚಹಾ ಕುಡಿದು ಹೋದರು. ದುಬೈಯಲ್ಲಿರುವ ನನ್ನ ಮೊಮ್ಮಗ ದಿನಾ ಫೋನು ಮಾಡಿ, ಬೆಂಡೆಕಾಯಿ ನೆನೆಸಿದ ನೀರು ಕುಡಿ ಎಂದು ಹೇಳುತ್ತಿದ್ದ. ಮೊಬೈಲಿನಲ್ಲಿ ಯಾರೋ ತೋರಿಸಿದ್ದರಂತೆ. ಬೆಂಡೆ ಬೆಳೆಯುವವರು ನಾವು, ನಮಗೆ ಗೊತ್ತಿಲ್ಲದ್ದು ಮರಳುಗಾಡಿನಲ್ಲಿ ಕುಳಿತವನಿಗೆ ಗೊತ್ತಾಯಿತು.

ರಕ್ಷಿತಾ ಮೆತ್ತಗಿನ ಹುಡುಗಿಯಲ್ಲ. ಮೂಡುಬಿದಿರೆಯ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾಳೆ. ಸ್ಕೂಟರಿನಲ್ಲಿ ಹೋಗಿ ಬರುತ್ತಿದ್ದಳು. ಒಮ್ಮೆ ನಾನು ಪಿಂಚಣಿಯ ಕಾಗದಕ್ಕೆಂದು ಅವಳ ಜೊತೆ ಹೋದಾಗ ಶಾಲೆಯ ಜಗಲಿಯಲ್ಲಿ ಕುಳಿತಿದ್ದೆ. ಒಂದು ಕೋಣೆ ತುಂಬ ಹುಡುಗರು ಸಂತೆಯ ಹಾಗೆ ಗಲಾಟೆ ಮಾಡುತ್ತಿದ್ದರು. ಇವಳು ಒಳಗೆ ಹೋಗಿ ಸುಮ್ಮನೆ ನಿಂತಳು, ಅಷ್ಟೇ. ನೊಣ ಹಾರಿದ್ದು ಕೇಳುವ ಹಾಗಾಯಿತು. ಅಂಥವಳಿಗೆ ಮನೆಯಲ್ಲಿ ಒಂದು ಉಂಡೆಗೆ "ಬೇಡ" ಎನ್ನಲಿಕ್ಕೆ ಬಾಯಿ ಬರುತ್ತಿರಲಿಲ್ಲ.

ಬಂಟ್ವಾಳದ ಡಾಕ್ಟ್ರಮ್ಮ ಅವಳಿಗೆ ಎರಡು ಸಾಮಾನು ಕೊಟ್ಟಿದ್ದರು. ಒಂದು ಬೆರಳು ಚುಚ್ಚಿ ರಕ್ತ ನೋಡುವ ಮಿಷನು. ಇನ್ನೊಂದು ಊಟಕ್ಕೆ ಮುಂಚೆ ಹೊಟ್ಟೆಗೆ ಚುಚ್ಚಿಕೊಳ್ಳುವ ಇನ್ಸುಲಿನ್ ಪೆನ್ನು. ಪೆನ್ನು ನೋಡಿ ಮುಂಡಾಜೆಯಿಂದ ಬಂದಿದ್ದ ಅವಳ ಅಮ್ಮ ಎದೆ ಹಿಡಿದುಕೊಂಡರು. "ಹೊಟ್ಟೆಗೆ ಚುಚ್ಚುದಾ? ಮಗುವಿನ ತಲೆಗೆ ತಾಗಿದರೆ?" ಸುಜಾತಳ ಚಿಂತೆ ಬೇರೆ. "ಚುಚ್ಚುವುದಾದರೆ ಕೋಣೆಯಲ್ಲಿ ಚುಚ್ಚು ಮಗಾ, ಯಾರಾದರೂ ನೋಡಿದರೆ ಎಂತ ಹೇಳ್ತಾರೆ?" ಹುಡುಗಿ ಮೊದಲು ಕೋಣೆಗೆ ಹೋದಳು, ಆಮೇಲೆ ಬಚ್ಚಲಿಗೆ. ಕೊನೆಗೆ ಪೆನ್ನು ಫ್ರಿಜ್ಜಿನಲ್ಲಿ ಬೇವಿನ ಸೊಪ್ಪಿನ ಹಿಂದೆಯೇ ಉಳಿಯಿತು.

ಇದು ನಗುವ ಮಾತಲ್ಲ. ನನ್ನ ನಾದಿನಿ ಹಿಂದೆ ಒಂದು ಗಂಡು ಹೆತ್ತಿದ್ದಳು. ಅಷ್ಟು ದೊಡ್ಡ ಮಗುವನ್ನು ಯಾರೂ ನೋಡಿರಲಿಲ್ಲ. ಗುಂಡುಗುಂಡಾಗಿದೆ ಎಂದು ನೋಡಲಿಕ್ಕೆ ಊರೇ ಬಂತು. ಮರುದಿನ ಹೂಳಲಿಕ್ಕೂ ಅದೇ ಊರು ಬಂತು. ಯಾಕೆ ಹೋಯಿತೆಂದು ಯಾರೂ ಕೇಳಲಿಲ್ಲ, ದೃಷ್ಟಿ ತಾಗಿತು ಎಂದರು. ಅವಳು ಬಸುರಿಯಾಗಿದ್ದಾಗ ಕೊಡಗಟ್ಟಲೆ ನೀರು ಕುಡಿಯುತ್ತಿದ್ದಳು, ಬಚ್ಚಲಿಗೆ ಇರುವೆ ಮುತ್ತುತ್ತಿತ್ತು. ಇರುವೆಗೆ ಗೊತ್ತಿದ್ದದ್ದು ಮನುಷ್ಯರಿಗೆ ಗೊತ್ತಿರಲಿಲ್ಲ. ಆಗ ಗೊತ್ತಿರಲಿಲ್ಲ, ಬಿಡುವ. ಈಗ ಗೊತ್ತಿದ್ದೂ ಉಂಡೆ ಕಟ್ಟುವವರಿಗೆ ಎಂತ ಹೇಳುವುದು?

ಮುಂದಿನ ಸಲ ಬಂಟ್ವಾಳಕ್ಕೆ ನಾನೂ ಹೋಗಿದ್ದೆ. ಡಾಕ್ಟ್ರಮ್ಮ ರಕ್ತದ ಚೀಟಿ ನೋಡಿ ಕನ್ನಡಕ ತೆಗೆದರು. ಮಗು ಆಗಲೇ ಬೇಕಾದ್ದಕ್ಕಿಂತ ದೊಡ್ಡದಾಗಿದೆ, ಹೀಗೇ ಬಿಟ್ಟರೆ ಮಗುವಿನ ಜೀವಕ್ಕೆ ಹೆಚ್ಚುಕಮ್ಮಿ ಆಗಬಹುದು ಎಂದರು. ಬರುವಾಗ ರಿಕ್ಷಾದಲ್ಲಿ ಹುಡುಗಿ ಆ ಚೀಟಿಯನ್ನು ಮಡಚುತ್ತಾ ಬಿಡಿಸುತ್ತಾ ಬಂದಳು. ಮನೆ ಹತ್ತಿರ ಬಂದ ಮೇಲೆ, "ನನ್ನಿಂದ ಆಗುದಿಲ್ಲ ಅಜ್ಜಿ" ಎಂದಳು. "ಎಲ್ಲರೂ ಸೇರಿ ಹೇಳುವಾಗ ನಾನೇ ತಪ್ಪು ಅಂತ ಕಾಣ್ತದೆ. ಲೆಕ್ಕ ಸರಿ ಉಂಟು ಅಂತ ಗೊತ್ತುಂಟು, ಆದರೂ ಪೆನ್ನು ವಾಪಸ್ ಫ್ರಿಜ್ಜಿಗೇ ಇಡ್ತೇನೆ."

ನನಗೆ ಸಮಾಧಾನ ಹೇಳಲಿಕ್ಕೆ ಬರುವುದಿಲ್ಲ. ಹೇಳುವವರೇ ಮನೆ ತುಂಬ ಇದ್ದರಲ್ಲ. ಮರುದಿನ ಬೆಳಿಗ್ಗೆ ಅವಳ ಮುಂದೆ ಕುಳಿತು ಬೆರಳು ಚಾಚಿದೆ. "ಮೊದಲು ನನಗೆ ಚುಚ್ಚು" ಎಂದೆ. ಇಷ್ಟು ವರ್ಷ ಯಾರು ಹೇಳಿದರೂ ನಾನು ಆ ಮಿಷನಿಗೆ ಬೆರಳು ಕೊಟ್ಟವಳಲ್ಲ. ಬಿಳಿ ಮಾತ್ರೆ ನುಂಗಿದರೆ ಕರ್ತವ್ಯ ಮುಗಿಯಿತೆಂದು ಇದ್ದವಳು. ಚುಚ್ಚಿದಳು. ಮಿಷನು ನೋಡಿ ಅವಳ ಹುಬ್ಬು ಮೇಲೆ ಹೋಯಿತು.

"ಅಜ್ಜಿ, ನಿನ್ನೆ ರಾತ್ರೆ ಎಂತ ತಿಂದದ್ದು?"

"ಗಂಜಿ."

"ಮತ್ತೆ?"

"ಉಪ್ಪಿನಕಾಯಿ."

"ಮತ್ತೆ?"

ಅವಳು ಸುಮ್ಮನೆ ನೋಡಿದಳು. ಆ ಕೋಣೆಯ ಹುಡುಗರು ಯಾಕೆ ಬಾಯಿ ಮುಚ್ಚಿದರೆಂದು ನನಗೆ ಆಗ ಅರ್ಥವಾಯಿತು. ಎರಡು ಉಂಡೆ ತಿಂದದ್ದನ್ನು ಹೇಳಿಬಿಟ್ಟೆ. ಅವಳಿಗೆಂದು ಕಟ್ಟಿದ ಉಂಡೆ, ಅವಳಿಗೆ ತಪ್ಪಲಿ ಎಂದು ತಿಂದದ್ದು ಎಂದೂ ಹೇಳಿದೆ, ನಂಬಲಿಲ್ಲ. ಅವತ್ತು ಅವಳು ನನಗೆ ಬೈದ ಬೈಗಳಿಗೆ ಬೇರೆ ದಿನವಾದರೆ ನಾನು ಸುಮ್ಮನಿರುತ್ತಿರಲಿಲ್ಲ. ಬೈದು ಮುಗಿಸಿ ತನ್ನ ಬೆರಳನ್ನೂ ಚುಚ್ಚಿಕೊಂಡಳು. ಪೆನ್ನು ತಂದು ಜಗಲಿಯಲ್ಲೇ ಕುಳಿತು ಹೊಟ್ಟೆಗೂ ಚುಚ್ಚಿಕೊಂಡಳು. ಅಂದಿನಿಂದ ದಿನಾ ಬೆಳಿಗ್ಗೆ ಹೀಗೇ. ನನ್ನ ಬೆರಳು, ಅವಳ ಬೆರಳು, ಆಮೇಲೆ ನನಗೆ ಮಂಗಳಾರತಿ.

ಬಯಕೆಯ ಶಾಸ್ತ್ರದ ದಿನ ಬಂತು. ಹಸಿರು ಸೀರೆ ಉಡಿಸಿ, ತಲೆ ತುಂಬ ಹೂ ಮುಡಿಸಿ, ಅವಳನ್ನು ಎಲೆಯ ಮುಂದೆ ಕೂರಿಸಿದರು. ಬಂದ ಹೆಂಗಸರೆಲ್ಲ ಒಂದೊಂದು ತುತ್ತು ಸಿಹಿ ಬಾಯಿಗೆ ಕೊಡುವುದು ಪದ್ಧತಿ. ಅಷ್ಟೂ ತುತ್ತು ಒಳಗೆ ಹೋದರೆ ನನ್ನ ನಾದಿನಿಯ ಕಥೆಯೇ ಎಂದು ನಾನು ಪಕ್ಕದಲ್ಲಿ ಹಲ್ಲಿಲ್ಲದ ಬಾಯಿ ಕಚ್ಚಿ ಕುಳಿತಿದ್ದೆ. ಸುಜಾತ ಕಾಯಿಹಾಲಿನಲ್ಲಿ ಅದ್ದಿದ ಹೋಳಿಗೆ ಎತ್ತಿದಳು.

"ಸ್ವಲ್ಪ ನಿಲ್ಲಿ ಅತ್ತೆ" ಎಂದಳು ರಕ್ಷಿತಾ. ಸೊಂಟದಲ್ಲಿ ಸಿಕ್ಕಿಸಿದ್ದ ಚೀಲ ತೆಗೆದು, ಎಲ್ಲರ ಎದುರಿಗೇ ಬೆರಳು ಚುಚ್ಚಿ ನೋಡಿದಳು. ಪೆನ್ನು ತೆಗೆದಳು. ಮುಂಡಾಜೆಯ ಅಮ್ಮ ಏಳಲಿಕ್ಕೆ ಹೊರಟರು.

"ಅಮ್ಮ, ಮಗುವಿಗೆ ತಾಗುದಿಲ್ಲ. ಚರ್ಮದ ಅಡಿಗೆ ಮಾತ್ರ ಹೋಗುದು. ಇಲ್ಲಿ ಬನ್ನಿ, ಹತ್ತಿರ ನಿಂತು ನೋಡಿ."

ಅವರು ಬಂದರು. ನೋಡಲಿಕ್ಕೆ ಧೈರ್ಯವಾಗದೆ ಮುಖ ತಿರುಗಿಸಿದರು, ಆದರೆ ಮಗಳ ಸೀರೆಯ ಸೆರಗನ್ನು ಪಕ್ಕಕ್ಕೆ ಹಿಡಿದುಕೊಂಡು ನಿಂತರು. ಇಷ್ಟು ತಿಂಗಳಲ್ಲಿ ಆ ಹುಡುಗಿಗೆ ಸಿಕ್ಕಿದ ಉಪಕಾರವೆಂದರೆ ಅದು. ಉಳಿದದ್ದೆಲ್ಲ ತಿಂಡಿ.

ಚುಚ್ಚಿಕೊಂಡು ಪೆನ್ನು ಚೀಲಕ್ಕೆ ಹಾಕಿದ ಮೇಲೆ ಅವಳು ಸುಜಾತಳ ಕೈಯ ಹೋಳಿಗೆಯಿಂದ ಉಗುರಿನಷ್ಟು ಮುರಿದು ಬಾಯಿಗೆ ಹಾಕಿಕೊಂಡಳು. "ಶಾಸ್ತ್ರ ಆಯ್ತು ಅತ್ತೆ. ಇನ್ನು ಹೂ ಮುಡಿಸಿದವರ ತುತ್ತೆಲ್ಲ ನನ್ನ ಲೆಕ್ಕದಲ್ಲಿ ನೀವೇ ತಿನ್ನಿ. ನನಗೆ ಬಯಕೆ ಇರುದು ಒಣಮೀನಿನ ಚಟ್ನಿಗೆ. ಯಾರೂ ಕೇಳಲಿಲ್ಲ." ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಯಾರೋ ಒಬ್ಬಳು, "ಟೀಚರ್ ಅಲ್ವಾ ಮಾರಾಯ್ತಿ" ಎಂದು ಗೊಣಗಿದಳು. ಅಷ್ಟರಲ್ಲೇ ಮುಗಿಯಿತು. ಇದಕ್ಕೆ ಅವಳು ತಿಂಗಳುಗಟ್ಟಲೆ ಹೆದರಿದ್ದು.

ಮುರಿದು ಉಳಿದ ಹೋಳಿಗೆಯನ್ನು ಸುಜಾತ ಗಡಿಬಿಡಿಯಲ್ಲಿ ನನ್ನ ಎಲೆಯ ಅಂಚಿಗೇ ಇಟ್ಟಿದ್ದಳು. ಎಲ್ಲರೂ ಅವಳನ್ನು ನೋಡುತ್ತಿದ್ದರು. ನನ್ನ ಕೈ ಅದರ ಪಾಡಿಗೆ ಅದು ಮುಂದೆ ಹೋಯಿತು.

"ಅಜ್ಜಿ, ಬೆಳಿಗ್ಗೆ ನಿಮ್ಮದು ಎಷ್ಟಿತ್ತು?"

ಊರವರ ಎದುರಿಗೆ ಕೇಳಿದಳು. ಕೇಳಿ, ಎಲೆಯಿಂದ ಹೋಳಿಗೆ ಎತ್ತಿಕೊಂಡೇ ಬಿಟ್ಟಳು. ಮನೆಯೆಲ್ಲ ನಕ್ಕಿತು, ಸುಜಾತ ಎಲ್ಲರಿಗಿಂತ ಜೋರಾಗಿ ನಕ್ಕಳು.

ಈಗ ಅವಳು ಹೆರಿಗೆಗೆಂದು ತವರು ಮುಂಡಾಜೆಯಲ್ಲಿದ್ದಾಳೆ. ಚೀಟಿಯಲ್ಲಿ ಲೆಕ್ಕ ಇಳಿದಿದೆ, ಡಾಕ್ಟ್ರಮ್ಮ ಕನ್ನಡಕ ತೆಗೆಯಲಿಲ್ಲವಂತೆ. ಬೆಳಿಗ್ಗೆ ಫೋನು ಮಾಡಿ ನನ್ನದು ಎಷ್ಟೆಂದು ಕೇಳುತ್ತಾಳೆ. ಒಮ್ಮೆ ಸುಳ್ಳು ಹೇಳಿ ನೋಡಿದೆ, ಮಿಷನಿನ ಫೋಟೋ ಕಳಿಸಿ ಎಂದಳು. "ಬೇಡ" ಎನ್ನಲಿಕ್ಕೆ ಬಾರದ ಹುಡುಗಿಗೆ ಬಾಯಿ ಬರಲಿ ಎಂದು ನಾನೇ ಬೆರಳು ಕೊಟ್ಟೆ. ಬಂದ ಬಾಯಿ ಮೊದಲು ಯಾರ ಮೇಲೆ ಬೀಳುತ್ತದೆಂದು ಯೋಚಿಸಲಿಲ್ಲ.

ಹೋಳಿಗೆ ಚೆನ್ನಾಗಿತ್ತಂತೆ. ತಿಂದವರು ಹೇಳಿದರು.